ಖಾಸಗಿ ಶಾಲೆ ಆರಿಸುವ ಮುನ್ನ: ಸುರಕ್ಷತೆ ಮತ್ತು ಸಮಾನತೆಯನ್ನು ಹೋಲಿಸಿ ನೋಡುವುದು ಹೇಗೆ?

ನವೆಂಬರ್ ದಾಟುತ್ತಿದ್ದಂತೆ ಖಾಸಗಿ ಶಾಲೆಗಳ ಗೇಟಿನಲ್ಲಿ ‘ಅಡ್ಮಿಷನ್ ಓಪನ್’ ಬ್ಯಾನರ್ ಕಾಣಿಸಿಕೊಳ್ಳುತ್ತದೆ. ಅಪ್ಪ ಅಮ್ಮ ಮೂರು ನಾಲ್ಕು ಶಾಲೆ ನೋಡಿ ಬರುತ್ತಾರೆ. ಫೀಸ್ ಎಷ್ಟು, ಸಿಲಬಸ್ ಯಾವುದು, ಬಸ್ ನಮ್ಮ ಬೀದಿಗೆ ಬರುತ್ತದಾ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಹೇಗಿದೆ, ಇಷ್ಟನ್ನು ಎಲ್ಲರೂ ಕೇಳುತ್ತಾರೆ. ಸುರಕ್ಷತೆಯ ಮಾತು ಬರುವುದು ಕೊನೆಗೆ, ಎದ್ದು ಹೊರಡುವಾಗ. ‘ಸಿಸಿಟಿವಿ ಇದೆ ಮೇಡಂ, ಏನೂ ಯೋಚನೆ ಮಾಡಬೇಡಿ’ ಅನ್ನುವ ಉತ್ತರವೂ ರೆಡಿ ಇರುತ್ತದೆ. ಎಲ್ಲ ಮಕ್ಕಳನ್ನೂ ಒಂದೇ ರೀತಿ ನೋಡುತ್ತೀರಾ ಅಂತ ಕೇಳುವವರಂತೂ ಬಹಳ ಕಡಿಮೆ. ಕೇಳಿದರೂ ‘ನಮ್ಮಲ್ಲಿ ಭೇದಭಾವವೇ ಇಲ್ಲ’ ಅನ್ನುತ್ತಾರೆ. ಇದೆ ಅಂತ ಯಾರಾದರೂ ಹೇಳುತ್ತಾರಾ?

ಹಾಗಾಗಿ ಇಂಥ ಉತ್ತರಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಪಾಲಿಸಿ ಪುಸ್ತಕ ಎಷ್ಟು ದಪ್ಪ ಇದೆ ಅಂತ ನೋಡುವುದೂ ದಂಡ. ಒಂದು ಮಗು ಅಥವಾ ಅದರ ಮನೆಯವರು ದೂರು ತಂದ ದಿನ ಆ ಶಾಲೆ ಏನು ಮಾಡುತ್ತದೆ? ಎರಡು ಶಾಲೆಗಳ ನಡುವೆ ನಿಜವಾದ ವ್ಯತ್ಯಾಸ ಕಾಣುವುದು ಅಲ್ಲಿ. ಗೇಟು, ಕ್ಯಾಮೆರಾ, ವಿಸಿಟರ್ ಪಾಸ್ ಎಲ್ಲ ಇರುವುದು ಹೊರಗಿನವರನ್ನು ತಡೆಯಲಿಕ್ಕೆ. ಮಕ್ಕಳಿಗೆ ತೊಂದರೆ ಆಗುವುದು ಹೆಚ್ಚಾಗಿ ಗೊತ್ತಿರುವವರಿಂದಲೇ.

ಇಲ್ಲಿ ನಾನು ಬರೆಯುತ್ತಿರುವುದು ಕರ್ನಾಟಕದ ಖಾಸಗಿ ಶಾಲೆಗಳ ಬಗ್ಗೆ. ಸ್ಟೇಟ್ ಸಿಲಬಸ್, ಸಿಬಿಎಸ್‌ಇ, ಐಸಿಎಸ್‌ಇ ಯಾವುದಾದರೂ ಸರಿ.

ಕಾನೂನಿನಲ್ಲಿ ಇರುವುದಕ್ಕೆ ಶಹಬ್ಬಾಸ್ ಬೇಡ

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ವರ್ಷದೊಳಗಿನ ಎಲ್ಲರೂ ಅದರ ಲೆಕ್ಕದಲ್ಲಿ ಮಕ್ಕಳೇ. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಸೇರುತ್ತಾರೆ. 2020ರಲ್ಲಿ ಬಂದ ಪೋಕ್ಸೊ ನಿಯಮಗಳು ಶಾಲೆಗಳಿಗೆ ನೇರವಾಗಿ ಕೆಲಸ ಹಚ್ಚಿವೆ. ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯೆಲ್ಲರ ಪೊಲೀಸ್ ವೆರಿಫಿಕೇಶನ್ ಮಾಡಿಸಬೇಕು. ಒಮ್ಮೆ ಮಾಡಿಸಿ ಬಿಟ್ಟರೆ ಸಾಲದು, ಆಗಾಗ ಆಗಬೇಕು. ಪಾಠ ಮಾಡುವವರು, ಮಾಡದವರು, ಕಾಯಂ ಇರುವವರು, ಗುತ್ತಿಗೆಯವರು ಅನ್ನುವ ವ್ಯತ್ಯಾಸ ಇಲ್ಲ. ಸಿಬ್ಬಂದಿಗೆ ಮಕ್ಕಳ ಸುರಕ್ಷತೆಯ ತರಬೇತಿ ಕೊಡಿಸಬೇಕು. ಸರ್ಕಾರ ರೂಪಿಸಿದ ಮಕ್ಕಳ ರಕ್ಷಣಾ ನೀತಿಯನ್ನು ಶಾಲೆ ಒಪ್ಪಿಕೊಂಡು ಪಾಲಿಸಬೇಕು. ಕರ್ನಾಟಕದಲ್ಲಿ ಅಂಥ ನೀತಿ 2016ರಲ್ಲೇ ಬಂದಿದೆ.

ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಆರ್‌ಟಿಇ, 2010ರ ಏಪ್ರಿಲ್ 1ರಿಂದ ಇದೆ. ಅದರ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. 13ನೇ ಸೆಕ್ಷನ್ ಪ್ರಕಾರ ಡೊನೇಶನ್ ತೆಗೆದುಕೊಳ್ಳುವಂತಿಲ್ಲ. ಸೇರಿಸಿಕೊಳ್ಳುವಾಗ ಮಗುವನ್ನೋ ಅಪ್ಪ ಅಮ್ಮನನ್ನೋ ಪರೀಕ್ಷೆ, ಸಂದರ್ಶನ ಮಾಡಿ ಸೋಸುವಂತಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆ ಅಂಥ ಮಗುವನ್ನು ಭೇದ ಮಾಡದೆ ಸೇರಿಸಿಕೊಂಡು ಉಳಿದವರ ಜೊತೆಯಲ್ಲೇ ಕಲಿಸಬೇಕು.

ಇಷ್ಟೂ ಇದ್ದೇ ಇರಬೇಕಾದದ್ದು. ‘ನಮ್ಮಲ್ಲಿ ವೆರಿಫಿಕೇಶನ್ ಆಗದೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ’ ಅಂತ ಒಂದು ಶಾಲೆ ಹೆಮ್ಮೆಯಿಂದ ಹೇಳಿದರೆ ಅದಕ್ಕೆ ಅಂಕ ಕೂಡಿಸಬೇಡಿ. ಇಲ್ಲದ ಶಾಲೆಗೆ ಅಂಕ ಕಳೆಯಿರಿ, ಅಷ್ಟೆ.

ಆದರೆ ಅಲ್ಲೇ ಇನ್ನೊಂದು ಪ್ರಶ್ನೆ ಕೇಳಿ ನೋಡಿ: ‘ಟೀಚರ್‌ಗಳದ್ದೂ ಆಗಿದೆಯಾ?’ ಎಷ್ಟೋ ಕಡೆ ಡ್ರೈವರ್, ಆಯಾ, ಸೆಕ್ಯುರಿಟಿಯವರ ಫೈಲ್ ಮಾತ್ರ ತೋರಿಸುತ್ತಾರೆ. ಪಿಟಿ ಮಾಸ್ತರು, ಡ್ಯಾನ್ಸ್ ಕಲಿಸಲು ವಾರಕ್ಕೊಮ್ಮೆ ಬರುವವರು, ಆಡಳಿತ ಮಂಡಳಿಯವರ ಮನೆಯ ಸೋದರಳಿಯ, ಇವರದ್ದು ಇರುವುದಿಲ್ಲ. ಅಪಾಯ ಬರುವುದು ಕಡಿಮೆ ಸಂಬಳದವರಿಂದ ಮಾತ್ರ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಖಾಸಗಿ ಶಾಲೆಯೊಂದರಲ್ಲಿ 7 ವರ್ಷದ ಹುಡುಗನ ಕೊಲೆಯಾಯಿತು. ಪೊಲೀಸರು ಮೊದಲು ಹಿಡಿದದ್ದು ಬಸ್ ಕಂಡಕ್ಟರ್‌ನನ್ನು. ಆಮೇಲೆ ತನಿಖೆ ಕೈಗೆತ್ತಿಕೊಂಡ ಸಿಬಿಐ ಅದೇ ಶಾಲೆಯ 11ನೇ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು. ಕಂಡಕ್ಟರ್ ಬಿಡುಗಡೆಯಾದ. ಬಡವರ ಮೇಲೆ ಮಾತ್ರ ಕಣ್ಣಿಡುವ ಶಾಲೆ ಸುರಕ್ಷಿತವೂ ಅಲ್ಲ, ಅದರಲ್ಲಿ ಸಮಾನತೆಯೂ ಇಲ್ಲ.

ಮನೆಯಲ್ಲೇ ಕೂತು ನೋಡಬಹುದಾದದ್ದು

ಸಿಬಿಎಸ್‌ಇ ಶಾಲೆಯಾದರೆ ಕೆಲಸ ಸುಲಭ. ಪ್ರತಿ ಶಾಲೆಯೂ ತನ್ನ ವೆಬ್‌ಸೈಟ್‌ನಲ್ಲಿ ‘ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಶರ್’ ಅನ್ನುವ ಪುಟ ಇಡಬೇಕೆಂದು ಬೋರ್ಡ್ ಹೇಳಿದೆ. ಮಾನ್ಯತೆ ಪತ್ರ, ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ, ಬೆಂಕಿ ಸುರಕ್ಷತೆಯ ಪ್ರಮಾಣಪತ್ರ, ಕುಡಿಯುವ ನೀರು ಮತ್ತು ನೈರ್ಮಲ್ಯದ ಪತ್ರ, ಫೀಸ್ ವಿವರ, ಶಾಲಾ ಸಮಿತಿಯವರ ಪಟ್ಟಿ ಎಲ್ಲ ಅಲ್ಲಿರಬೇಕು. ಹುಡುಗಿಯರಿಗೆ ಎಷ್ಟು ಶೌಚಾಲಯ, ಹುಡುಗರಿಗೆ ಎಷ್ಟು ಅನ್ನುವುದೂ ಇರಬೇಕು. ಸ್ಪೆಷಲ್ ಎಜುಕೇಟರ್ (ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳಿಗೆ ಕಲಿಸುವವರು) ಯಾರು, ಕೌನ್ಸೆಲರ್ ಯಾರು ಅನ್ನುವ ಸಾಲುಗಳೂ ಆ ನಮೂನೆಯಲ್ಲಿವೆ. ಸರ್ಟಿಫಿಕೇಟ್ ತೆರೆದು ಅವಧಿ ಮುಗಿದಿದೆಯಾ ನೋಡಿ. ಲಿಂಕ್ ಒತ್ತಿದರೆ ಏನೂ ತೆರೆಯದ ಪುಟಗಳೂ ಇರುತ್ತವೆ. ಅದೂ ಒಂದು ಉತ್ತರವೇ.

ಸ್ಟೇಟ್ ಸಿಲಬಸ್ ಶಾಲೆಗಳಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ, ಅಂದರೆ ಸರ್ಕಾರಿ ದಾಖಲೆಯಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ, ಕೇಳಿ. ಮಾನ್ಯತೆ ಯಾವ ತರಗತಿವರೆಗೆ, ಯಾವ ವರ್ಷದವರೆಗೆ ನವೀಕರಣ ಆಗಿದೆ ಅನ್ನುವುದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಬಹುದು. ಇದು ಬರೀ ಕಾಗದದ ಮಾತಲ್ಲ. 2023ರ ಆರಂಭದಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ರಾಜ್ಯದ ಮಾನ್ಯತೆ ಇಟ್ಟುಕೊಂಡು ಸಿಬಿಎಸ್‌ಇ ಅಂತ ಹೇಳಿ ಫೀಸ್ ತೆಗೆದುಕೊಂಡಿವೆ ಎಂದು ಪೋಷಕರು ಬೀದಿಗಿಳಿದಿದ್ದರು. ತಾನು ಯಾವ ಬೋರ್ಡಿಗೆ ಸೇರಿದ್ದೇನೆ ಅನ್ನುವುದನ್ನೇ ಸರಿಯಾಗಿ ಹೇಳದ ಶಾಲೆ, ಮಗುವಿಗೆ ಏನಾಯಿತು ಅನ್ನುವುದನ್ನು ಸರಿಯಾಗಿ ಹೇಳುತ್ತದೆಯೇ?

ದೂರು ಯಾರ ಕೈಗೆ ಹೋಗುತ್ತದೆ?

ಶಾಲೆಗೆ ಹೋದಾಗ ಈ ಭಾಗಕ್ಕೆ ಸಮಯ ಇಟ್ಟುಕೊಳ್ಳಿ. ಅಡ್ಮಿಷನ್ ಕೌಂಟರ್‌ನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಪ್ರಿನ್ಸಿಪಾಲರ ಹತ್ತಿರವೇ ಕೂತು ಕೇಳಿ.

ಮೊದಲ ಪ್ರಶ್ನೆ: ‘ಒಂದು ಮಗು ಬಂದು, ಸರ್ ನನ್ನನ್ನು ಹೇಗ್ಹೇಗೋ ಮುಟ್ಟಿದರು ಅಂತ ಆಯಾ ಹತ್ತಿರ ಹೇಳಿತು ಅಂದುಕೊಳ್ಳಿ. ಆಮೇಲೆ ಏನಾಗುತ್ತದೆ?’ ಇಲ್ಲಿ ಕಾನೂನು ಸ್ಪಷ್ಟ. ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ ಇಂಥದ್ದು ಗೊತ್ತಾದ ಯಾರೇ ಆದರೂ ಸ್ಥಳೀಯ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ಶಾಲೆಯ ಸಿಬ್ಬಂದಿಯೇ ಮಾಡಿದ ಅಪರಾಧವನ್ನು ಕಾಯ್ದೆ ಇನ್ನೂ ಗಂಭೀರವಾಗಿ ನೋಡುತ್ತದೆ.

ಈಗ ಪ್ರಿನ್ಸಿಪಾಲರ ಉತ್ತರ ಕೇಳಿಸಿಕೊಳ್ಳಿ. ‘ಮೊದಲು ನಾವು ಒಳಗೇ ವಿಚಾರಣೆ ಮಾಡುತ್ತೇವೆ, ನಿಜ ಅನ್ನಿಸಿದರೆ ಮುಂದಿನ ಕ್ರಮ’ ಅಂದರೆ ಕಾಯ್ದೆ ಅವರಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹಾಗೆ ಮಾಡುತ್ತಾರೆ ಅಂತ ಅರ್ಥ. ನಿಜವೋ ಸುಳ್ಳೋ ಅಂತ ತೀರ್ಮಾನಿಸುವುದು ಶಾಲೆಯ ಕೆಲಸವಲ್ಲ. ಮಗುವನ್ನು ಆರೋಪಿಯ ಎದುರು ಕೂರಿಸಿ ‘ಹೇಳು, ಇವರೇನಾ?’ ಅಂತ ಕೇಳುವ ಒಳವಿಚಾರಣೆಯಿಂದ ಮಗುವಿಗೆ ಎರಡನೇ ಸಲ ಪೆಟ್ಟು ಬೀಳುತ್ತದೆ. ‘ಅವತ್ತೇ ಮನೆಯವರಿಗೆ ಹೇಳುತ್ತೇವೆ, ಪೊಲೀಸರಿಗೆ ತಿಳಿಸುತ್ತೇವೆ, ಆ ವ್ಯಕ್ತಿಯನ್ನು ಮಕ್ಕಳಿಂದ ದೂರ ಇಡುತ್ತೇವೆ, ಮಗುವನ್ನು ಪದೇ ಪದೇ ಪ್ರಶ್ನೆ ಕೇಳುವುದಿಲ್ಲ’ ಅಂದರೆ ಅಲ್ಲಿ ಯಾರೋ ತರಬೇತಿ ಪಡೆದಿದ್ದಾರೆ. ಪ್ರಿನ್ಸಿಪಾಲರಿಗೆ ಸಿಟ್ಟು ಬಂದರೆ, ‘ನಮ್ಮ ಶಾಲೆಯಲ್ಲಿ ಅಂಥದ್ದೆಲ್ಲ ನಡೆಯುವುದೇ ಇಲ್ಲ’ ಅಂದರೆ, ನಾನಾದರೆ ಆ ಶಾಲೆಯನ್ನು ಪಟ್ಟಿಯಿಂದ ತೆಗೆಯುತ್ತೇನೆ.

2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ 6 ವರ್ಷದ ಬಾಲಕಿಯ ಮೇಲೆ ದೌರ್ಜನ್ಯ ನಡೆದ ದೂರು ಬಂತು. ಸಾವಿರಾರು ಪೋಷಕರು ರಸ್ತೆಗೆ ಬಂದರು. ಅವರ ಸಿಟ್ಟು ತಪ್ಪು ಮಾಡಿದವರ ಮೇಲಷ್ಟೇ ಇರಲಿಲ್ಲ. ಆಡಳಿತ ಮಂಡಳಿ ನಡೆದುಕೊಂಡ ರೀತಿಯ ಮೇಲೂ ಅಷ್ಟೇ ಇತ್ತು. ಖಾಸಗಿ ಶಾಲೆಗಳಲ್ಲಿ ಕ್ಯಾಮೆರಾ, ಮಹಿಳಾ ಸಿಬ್ಬಂದಿ, ವೆರಿಫಿಕೇಶನ್ ಅನ್ನುವ ಮಾತು ಬೆಂಗಳೂರಿನಲ್ಲಿ ಜೋರಾದದ್ದು ಅದಾದ ಮೇಲೆ. ಕ್ಯಾಮೆರಾ ಎಲ್ಲ ಕಡೆ ಬಂತು. ದೂರು ತೆಗೆದುಕೊಳ್ಳುವ ರೀತಿ ಮಾತ್ರ ಎಲ್ಲ ಕಡೆ ಬದಲಾಗಲಿಲ್ಲ.

ಎರಡನೇ ಪ್ರಶ್ನೆ ಸ್ವಲ್ಪ ಸಣ್ಣದು, ಆದರೆ ಬಹಳ ಕೆಲಸಕ್ಕೆ ಬರುತ್ತದೆ: ‘ಪ್ರಿನ್ಸಿಪಾಲರ ಮೇಲೆಯೇ ದೂರು ಇದ್ದರೆ ಯಾರಿಗೆ ಕೊಡಬೇಕು?’ ಕಾಗದದಲ್ಲಿ ಇದಕ್ಕೆ ಉತ್ತರ ಬರೆದಿಟ್ಟಿರುವ ಶಾಲೆಗಳು ಕಡಿಮೆ. ಬರೆದಿದ್ದರೆ ಅದಕ್ಕೆ ಧಾರಾಳವಾಗಿ ಅಂಕ ಕೊಡಿ.

ಮೂರನೆಯದು: ‘ದೂರು ಕೊಟ್ಟರೆ ರಸೀದಿ ಕೊಡುತ್ತೀರಾ?’ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಸಾಕು ಅನ್ನುವ ಶಾಲೆಗಿಂತ, ದಿನಾಂಕ ಹಾಕಿ, ಸಂಖ್ಯೆ ಕೊಟ್ಟು, ಇಷ್ಟು ದಿನದಲ್ಲಿ ಉತ್ತರ ಅನ್ನುವ ಶಾಲೆ ಮೇಲು. ಕಾರಿಡಾರಿನಲ್ಲಿ ನೇತುಹಾಕಿದ ದೂರು ಪೆಟ್ಟಿಗೆಯ ಬೀಗವನ್ನೂ ಒಮ್ಮೆ ನೋಡಿ. ಧೂಳು ಹಿಡಿದಿದ್ದರೆ ಯಾರೂ ತೆಗೆಯುತ್ತಿಲ್ಲ ಅಂತ ಲೆಕ್ಕ. ಪೆಟ್ಟಿಗೆ ಆಫೀಸ್ ರೂಮಿನ ಎದುರೇ ಇದ್ದರೆ ಯಾವ ಮಗು ತಾನೇ ಚೀಟಿ ಹಾಕುತ್ತದೆ?

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ಕೆಲವು ಶಾಲೆಗಳು ‘ನಮ್ಮಲ್ಲಿ ಇಂಟರ್ನಲ್ ಕಮಿಟಿ ಇದೆ’ ಅಂತ ಬೋರ್ಡ್ ತೋರಿಸುತ್ತವೆ. ಅದು 2013ರ ಕಾಯ್ದೆಯ ಪ್ರಕಾರ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರಿಗೆ ಇರುವ ಸಮಿತಿ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇರಲೇಬೇಕು. ಅದು ಇರುವುದು ಒಳ್ಳೆಯದೇ. ಟೀಚರ್‌ಗಳಿಗೇ ನ್ಯಾಯ ಸಿಗದ ಕಡೆ ಮಕ್ಕಳಿಗೆ ಎಲ್ಲಿಂದ ಸಿಗಬೇಕು? ಆದರೆ ಅದು ಮಕ್ಕಳ ದೂರು ನೋಡುವ ಮಕ್ಕಳ ರಕ್ಷಣಾ ಸಮಿತಿಗೆ ಬದಲಿ ಅಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಮಕ್ಕಳು ಮಕ್ಕಳನ್ನೇ ಪೀಡಿಸುವುದೂ ಇದೆ. ಅಡ್ಡಹೆಸರು, ಟಿಫಿನ್ ಕಿತ್ತುಕೊಳ್ಳುವುದು, ಶೌಚಾಲಯದಲ್ಲಿ ಕೂಡಿ ಹಾಕುವುದು, ಫೋನಿನಲ್ಲಿ ಫೋಟೊ ಹಂಚುವುದು. ‘ಮಕ್ಕಳ ಜಗಳ, ನಾಳೆ ಒಂದಾಗುತ್ತಾರೆ’ ಅನ್ನುವ ಶಾಲೆ ಒಂದು ಕಡೆ. ತಕ್ಷಣ ಟಿಸಿ ಕೊಟ್ಟು ಕಳಿಸುವ ಶಾಲೆ ಇನ್ನೊಂದು ಕಡೆ. ಎರಡೂ ನನಗೆ ಹಿಡಿಸುವುದಿಲ್ಲ. ತೊಂದರೆ ಕೊಟ್ಟವನೂ ಮಗುವೇ. ಅವನ ಜೊತೆ ಯಾರು ಮಾತಾಡುತ್ತಾರೆ, ನೊಂದ ಮಗು ಅದೇ ಕ್ಲಾಸಿನಲ್ಲಿ ಹೇಗೆ ಕೂರುತ್ತದೆ, ಇದನ್ನು ಯೋಚಿಸಿದ ಪಾಲಿಸಿ ಸಿಕ್ಕರೆ ಅದನ್ನು ಯಾರೋ ತಲೆ ಓಡಿಸಿ ಬರೆದಿದ್ದಾರೆ. ಎಷ್ಟೋ ಕಡೆ ಬೇರೆಲ್ಲಿಂದಲೋ ಇಳಿಸಿಕೊಂಡದ್ದು ಇರುತ್ತದೆ. ಹಾಗಿದ್ದರೆ ಓದುತ್ತಿದ್ದಂತೆಯೇ ಗೊತ್ತಾಗುತ್ತದೆ: ಅದರಲ್ಲಿ ಹೇಳಿರುವ ಹುದ್ದೆಗಳಲ್ಲಿ ಅರ್ಧ ಆ ಶಾಲೆಯಲ್ಲಿ ಇರುವುದೇ ಇಲ್ಲ.

ಮೂರು ಬಗೆಯ ಶಾಲೆ, ಮೂರು ಬಗೆಯ ತೊಂದರೆ

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಪೋಷಕರ ಪಟ್ಟಿಯಲ್ಲಿ ಇರುವುದು ಈ ಮೂರೇ: ನಾಲ್ಕಾರು ಊರುಗಳಲ್ಲಿ ಬ್ರಾಂಚ್ ಇರುವ ಬ್ರ್ಯಾಂಡ್ ಶಾಲೆ, ಮಠ, ಮಿಷನ್ ಅಥವಾ ಟ್ರಸ್ಟ್ ನಡೆಸುವ ಹಳೆಯ ಶಾಲೆ, ಬಡಾವಣೆಯಲ್ಲಿ ಒಬ್ಬರೇ ಮಾಲೀಕರು ನಡೆಸುವ ಸಣ್ಣ ಶಾಲೆ.

ಬ್ರ್ಯಾಂಡ್ ಶಾಲೆಯಲ್ಲಿ ಕಾಗದ ಚೆನ್ನಾಗಿರುತ್ತದೆ. ಪಾಲಿಸಿ, ಕೌನ್ಸೆಲರ್, ಆ್ಯಪ್, ಬಸ್ಸಿಗೆ ಜಿಪಿಎಸ್ ಎಲ್ಲ ಇರುತ್ತವೆ. ತೊಂದರೆ ಇರುವುದು ಬೇರೆ ಕಡೆ. ಸ್ವಚ್ಛತೆಯವರು ಒಂದು ಏಜೆನ್ಸಿಯವರು, ಸೆಕ್ಯುರಿಟಿ ಇನ್ನೊಂದು, ಬಸ್ ಮತ್ತೊಂದು. ಕೇಳಿದರೆ ‘ಅವರು ನಮ್ಮ ಸ್ಟಾಫ್ ಅಲ್ಲ’ ಅನ್ನುತ್ತಾರೆ. ಟೀಚರ್‌ಗಳೂ ವರ್ಷಕ್ಕೊಮ್ಮೆ ಬದಲಾಗುತ್ತಿದ್ದರೆ ಮಗುವಿಗೆ ಧೈರ್ಯವಾಗಿ ಹೇಳಿಕೊಳ್ಳಲು ಒಬ್ಬ ಮಿಸ್ಸೂ ಉಳಿಯುವುದಿಲ್ಲ. ಪ್ರಿನ್ಸಿಪಾಲರಿಗೆ ಅಧಿಕಾರ ಕಡಿಮೆ, ದೂರು ಹೆಡ್ ಆಫೀಸಿಗೆ ಹೋಗುತ್ತದೆ, ಅಲ್ಲಿಂದ ವಕೀಲರ ಭಾಷೆಯ ಇಮೇಲ್ ಬರುತ್ತದೆ. ಇಂಥ ಕಡೆ ಕೇಳಬೇಕಾದದ್ದು: ಏಜೆನ್ಸಿಯವರ ವೆರಿಫಿಕೇಶನ್ ಕಾಗದ ಶಾಲೆಯ ಹತ್ತಿರ ಇದೆಯಾ? ಈ ಪ್ರಿನ್ಸಿಪಾಲರು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?

ಹಳೆಯ ಟ್ರಸ್ಟ್ ಶಾಲೆಯಲ್ಲಿ ಉಲ್ಟಾ. ಇಪ್ಪತ್ತು ವರ್ಷದಿಂದ ಅದೇ ಮೇಷ್ಟ್ರು, ಅದೇ ಆಯಾ. ಅಪ್ಪನಿಗೆ ಕಲಿಸಿದವರೇ ಮಗಳಿಗೂ ಕಲಿಸುತ್ತಿರುತ್ತಾರೆ. ಫೀಸ್ ಕಡಿಮೆ, ಎಲ್ಲ ಬಗೆಯ ಮನೆಗಳ ಮಕ್ಕಳೂ ಇರುತ್ತಾರೆ. ಈ ಪರಿಚಯವೇ ಒಂದು ರಕ್ಷಣೆ. ಅದೇ ಪರಿಚಯ ಬಾಯಿಯನ್ನೂ ಮುಚ್ಚಿಸುತ್ತದೆ. ‘ಅಷ್ಟು ದೊಡ್ಡವರ ಮೇಲೆ ಹಾಗೆಲ್ಲ ಹೇಳಬಾರದು’ ಅನ್ನುವ ಮಾತು ದೂರನ್ನು ಹುಟ್ಟುವ ಮೊದಲೇ ಸಾಯಿಸುತ್ತದೆ. ಬೆತ್ತಕ್ಕೂ ಇಂಥ ಕಡೆ ಇನ್ನೂ ಗೌರವ ಉಳಿದಿರುತ್ತದೆ. ‘ನಾಲ್ಕು ಏಟು ಬಿದ್ದರೆ ಬುದ್ಧಿ ಬರುತ್ತೆ ಬಿಡಿ’ ಅಂತ ಪೋಷಕರೇ ಹೇಳುತ್ತಾರೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಆರ್‌ಟಿಇ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದರೆ ಪೋಕ್ಸೊದಿಂದ ಯಾವ ಶಾಲೆಗೂ ವಿನಾಯಿತಿ ಇಲ್ಲ. ಇಲ್ಲಿ ಕೇಳಬೇಕಾದದ್ದು ಒಂದೇ: ಹಿರಿಯ ಶಿಕ್ಷಕರೊಬ್ಬರ ಮೇಲೆ ದೂರು ಬಂದು ಕ್ರಮ ಆದದ್ದು ಉಂಟಾ? ಹೆಸರು ಬೇಡ, ಏನಾಯಿತು ಅಂತ ಹೇಳಲಿ.

ಸಣ್ಣ ಶಾಲೆಯಲ್ಲಿ ಮಾಲೀಕರೇ ಪ್ರಿನ್ಸಿಪಾಲ್, ಅವರ ಹೆಂಡತಿ ಅಕೌಂಟ್ಸ್ ನೋಡುತ್ತಾರೆ, ಅಣ್ಣನ ಮಗ ವ್ಯಾನ್ ಓಡಿಸುತ್ತಾನೆ. ಪಾಲಿಸಿ ಕೇಳಿದರೆ ತಬ್ಬಿಬ್ಬಾಗುತ್ತಾರೆ. ಆದರೆ ಪ್ರತಿ ಮಗುವಿನ ಹೆಸರೂ ಗೊತ್ತಿರುತ್ತದೆ. ಬೆಳಿಗ್ಗೆ ಗೇಟಿನಲ್ಲೇ ಸಿಗುತ್ತಾರೆ. ಸಣ್ಣ ಪುಟ್ಟ ತೊಂದರೆ ಅವತ್ತೇ ಸರಿಹೋಗುತ್ತದೆ. ದೊಡ್ಡ ತೊಂದರೆಯಾದರೆ ಅವರ ಮೇಲೆ ಯಾರೂ ಇಲ್ಲ. ಮನೆಯವರ ಮೇಲೆಯೇ ದೂರು ಬಂದರಂತೂ ಮುಗಿಯಿತು. ಹಾಗಾಗಿ ಇಲ್ಲಿ ಹೊರಗಿನ ದಾರಿ ನಿಮಗೇ ಗೊತ್ತಿರಬೇಕು: ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಬಿಇಒ ಕಚೇರಿ, ಬೆಂಗಳೂರಿನಲ್ಲಿರುವ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಈ ನಂಬರ್‌ಗಳನ್ನು ಮಕ್ಕಳ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಬರೆಸಿದ್ದಾರಾ ನೋಡಿ. ಬರೆಸಿದ್ದರೆ ಆ ಮಾಲೀಕರಿಗೆ ಹೆದರಿಕೆ ಇಲ್ಲ ಅಂತ ಅರ್ಥ.

ಕಾಗದದಲ್ಲಿ ಗೆಲ್ಲುವುದು ಬ್ರ್ಯಾಂಡ್ ಶಾಲೆ. ಆದರೂ ಚಿಕ್ಕ ಮಗುವಿಗೆ, ಅಂದರೆ ಎಲ್‌ಕೆಜಿಯಿಂದ ಮೂರನೇ ತರಗತಿವರೆಗೆ, ಒಳ್ಳೆಯ ಸಣ್ಣ ಶಾಲೆಯನ್ನು ನಾನು ಮುಂದಿಡುತ್ತೇನೆ. ಆ ವಯಸ್ಸಿನಲ್ಲಿ ಇಮೇಲ್ ಐಡಿಗಿಂತ ಮಗುವಿನ ಮುಖ ನೋಡಿ ‘ಇವತ್ತು ಯಾಕೋ ಸಪ್ಪಗಿದ್ದಾನೆ’ ಅನ್ನುವವರು ಬೇಕು. ಹೈಸ್ಕೂಲಿಗೆ ಬಂದ ಮೇಲೆ ದೂರಿಗೆ ಹಲವು ದಾರಿ ಇರುವ, ಪ್ರಿನ್ಸಿಪಾಲರ ಮೇಲೂ ಕೇಳುವವರು ಇರುವ ಸಂಸ್ಥೆ ಮೇಲು.

ಸಮಾನತೆ: ಬ್ರೋಷರಿನಲ್ಲಿ ಬಾರದ ವಿಷಯ

ಸಮಾನತೆಯ ವಿಷಯದಲ್ಲಿ ಶಾಲೆಗಳ ನಡುವೆ ಇರುವ ಅಂತರ ಸುರಕ್ಷತೆಗಿಂತ ಜಾಸ್ತಿ. ಯಾಕೆಂದರೆ ಇದನ್ನು ಯಾರೂ ಪರೀಕ್ಷಿಸುವುದಿಲ್ಲ. ಇದಕ್ಕೆ ‘ಸಮಾನತೆ’ ಅನ್ನುವ ಪದ ಬಳಸಿ ಪ್ರಶ್ನೆ ಕೇಳಬೇಡಿ. ಕೆಳಗಿನ ಹಾಗೆ ಸುಮ್ನೆ ಸಣ್ಣ ಸಣ್ಣದಾಗಿ ಕೇಳಿ.

ಫೀಸ್ ತಡವಾದರೆ ಏನು ಮಾಡುತ್ತೀರಿ? ಕೆಲವು ಕಡೆ ಅಪ್ಪ ಅಮ್ಮನಿಗೆ ಫೋನ್ ಮಾಡುತ್ತಾರೆ. ಕೆಲವು ಕಡೆ ಕ್ಲಾಸಿನಲ್ಲಿ ಹೆಸರು ಓದಿ ಮಕ್ಕಳನ್ನು ಎದ್ದು ನಿಲ್ಲಿಸುತ್ತಾರೆ, ಪರೀಕ್ಷೆಯ ದಿನ ಹೊರಗೆ ಕೂರಿಸುತ್ತಾರೆ. ಮಗು ಮಾಡದ ತಪ್ಪಿಗೆ ಮಗುವಿಗೆ ಅವಮಾನ. ಇದೇ ಮಾನಸಿಕ ಕಿರುಕುಳ. ಈ ಒಂದು ಪ್ರಶ್ನೆಗೆ ಈಗಾಗಲೇ ಅಲ್ಲಿ ಓದುತ್ತಿರುವ ಮಕ್ಕಳ ಪೋಷಕರನ್ನು ಕೇಳಿ, ಆಫೀಸಿನವರನ್ನಲ್ಲ.

ಆರ್‌ಟಿಇ ಮಕ್ಕಳು ಇದ್ದಾರಾ? ಕಾಯ್ದೆಯಂತೆ ಖಾಸಗಿ ಶಾಲೆಗಳು 25% ಸೀಟು ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕಿತ್ತು. ಆದರೆ ಕರ್ನಾಟಕ ಸರ್ಕಾರ ನಿಯಮ ಬದಲಾಯಿಸಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರದಲ್ಲೇ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಅಂದಿತು. 2019–20ರ ಸಾಲಿನಿಂದ ಈ ಸೀಟುಗಳು ತೀರಾ ಕಡಿಮೆಯಾದವು. ಆದರೂ ಮೊದಲೇ ಸೇರಿದವರು, ಈಗಲೂ ಕೆಲವು ವಾರ್ಡುಗಳಲ್ಲಿ ಸೇರುವವರು ಇದ್ದಾರೆ. 2012ರಲ್ಲಿ ಬೆಂಗಳೂರಿನ ಶಾಲೆಯೊಂದು ಆರ್‌ಟಿಇ ಮಕ್ಕಳನ್ನು ಗುರುತಿಸಲು ಅವರ ಕೂದಲು ಕತ್ತರಿಸಿತು ಅನ್ನುವ ಆರೋಪ ದೊಡ್ಡ ಸುದ್ದಿಯಾಗಿತ್ತು. ಈಗ ಅಷ್ಟು ಒರಟಾಗಿ ಯಾರೂ ಮಾಡುವುದಿಲ್ಲ. ಬದಲಿಗೆ ಪ್ರವಾಸ, ವಾರ್ಷಿಕೋತ್ಸವದ ಡ್ರೆಸ್, ಸ್ಮಾರ್ಟ್ ಕ್ಲಾಸ್ ಹೆಸರಲ್ಲಿ ದುಡ್ಡು ಕೇಳುತ್ತಾರೆ, ಕೊಡಲಾಗದ ಮಗು ತಾನಾಗೇ ಹಿಂದೆ ಸರಿಯುತ್ತದೆ. 8ನೇ ತರಗತಿಯವರೆಗೆ ಮಾತ್ರ ಉಚಿತ. 9ಕ್ಕೆ ಬಂದಾಗ ಆ ಮಕ್ಕಳಿಗೆ ಏನು ಮಾಡುತ್ತೀರಿ ಅನ್ನುವ ಪ್ರಶ್ನೆಗೆ ಒಳ್ಳೆಯ ಉತ್ತರ ಇರುವ ಶಾಲೆ ನಿಮ್ಮ ಮಗುವನ್ನೂ ಚೆನ್ನಾಗಿಯೇ ನೋಡಿಕೊಳ್ಳುತ್ತದೆ.

‘ನೂರಕ್ಕೆ ನೂರು ರಿಸಲ್ಟ್’ ಬ್ಯಾನರ್ ಕಂಡರೆ ಇದನ್ನು ಕೇಳಿ: ಎರಡು ವರ್ಷದ ಹಿಂದೆ 8ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ಸಲ ಎಸ್‌ಎಸ್‌ಎಲ್‌ಸಿ ಎಷ್ಟು ಜನ ಬರೆದರು? ಉದಾಹರಣೆಗೆ 60 ಜನ ಇದ್ದು 44 ಜನ ಬರೆದಿದ್ದರೆ ಉಳಿದ 16 ಮಕ್ಕಳು ಎಲ್ಲಿ ಹೋದರು? ಓದಿನಲ್ಲಿ ಹಿಂದಿರುವ ಮಗುವನ್ನು 9ನೇ ತರಗತಿಯಲ್ಲಿ ಫೇಲ್ ಮಾಡಿಯೋ, ಟಿಸಿ ತೆಗೆದುಕೊಳ್ಳಿ ಅಂತ ಒತ್ತಾಯ ಮಾಡಿಯೋ ಹೊರಗೆ ಕಳಿಸಿ ಸಾಧಿಸುವ ರಿಸಲ್ಟ್ ಅದು. ಮಾರ್ಕ್ಸ್ ನೋಡಿ ಎ ಸೆಕ್ಷನ್, ಸಿ ಸೆಕ್ಷನ್ ಮಾಡುವುದೂ ಇದರ ತಮ್ಮನೇ. ‘ನೀನು ಸಿ ಸೆಕ್ಷನ್’ ಅನ್ನುವುದು ಆ ಮಕ್ಕಳಿಗೆ ಇಡೀ ವರ್ಷ ಬೈಗುಳದ ಹಾಗೆ ಕೇಳಿಸುತ್ತದೆ.

ಅಂಗವೈಕಲ್ಯ ಅಥವಾ ಕಲಿಕಾ ನ್ಯೂನತೆ ಇರುವ ಮಗುವಿನ ಅಪ್ಪ ಅಮ್ಮ ಈ ಭಾಗಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕು. ‘ನಿಮ್ಮ ಮಗುವಿಗೆ ಬೇಕಾದ ಸೌಲಭ್ಯ ನಮ್ಮಲ್ಲಿಲ್ಲ, ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ’ ಅನ್ನುವುದು ನಯವಾಗಿ ಬಾಗಿಲು ಹಾಕುವ ಮಾತು. ಸ್ಪೆಷಲ್ ಎಜುಕೇಟರ್ ಇದ್ದಾರೆ ಅಂದರೆ ಅವರನ್ನು ಭೇಟಿ ಮಾಡಿಸಿ ಅನ್ನಿ. ವಾರಕ್ಕೆ ಎಷ್ಟು ದಿನ ಬರುತ್ತಾರೆ, ಮಗುವನ್ನು ಕ್ಲಾಸಿನಿಂದ ಹೊರಗೆ ಕರೆದೊಯ್ದು ಕಲಿಸುತ್ತಾರಾ ಅಥವಾ ಕ್ಲಾಸಿನೊಳಗೇ ನೆರವಾಗುತ್ತಾರಾ, ಅವರಿಗೆ ಪ್ರತ್ಯೇಕ ಫೀಸ್ ಇದೆಯಾ, ಕೇಳಿ. ಎಸ್‌ಎಸ್‌ಎಲ್‌ಸಿಯಲ್ಲಿ ಅರ್ಹ ಮಕ್ಕಳಿಗೆ ಹೆಚ್ಚಿನ ಸಮಯ, ಬರೆಯುವವರ ಸಹಾಯ ಸಿಗುತ್ತದೆ. ಆ ಅರ್ಜಿಯನ್ನು ಹಿಂದೆ ಯಾವ ಮಗುವಿಗಾದರೂ ಹಾಕಿಸಿದ್ದೀರಾ ಅಂತ ಕೇಳಿದರೆ ಶಾಲೆಯ ಅನುಭವ ಎಷ್ಟು ಅಂತ ಗೊತ್ತಾಗುತ್ತದೆ. ಗಾಲಿಕುರ್ಚಿಗೆ ರ‍್ಯಾಂಪ್ ಇರುತ್ತದೆ, ಕ್ಲಾಸ್ ಮಾತ್ರ ಎರಡನೇ ಮಹಡಿಯಲ್ಲಿ. ಇಂಥದ್ದನ್ನು ಕಣ್ಣಲ್ಲೇ ನೋಡಬೇಕು.

ಭಾಷೆಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಮಾತಾಡಿದರೆ ದಂಡ ಹಾಕುವ, ಕ್ಲಾಸ್ ಲೀಡರ್‌ನಿಂದ ಹೆಸರು ಬರೆಸುವ ಶಾಲೆಗಳು ನಮ್ಮ ನಡುವೆಯೇ ಇವೆ. ಇಂಗ್ಲಿಷ್ ಕಲಿಯಲಿ ಅಂತ ಮಾಡುತ್ತೇವೆ ಅನ್ನುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಇಲ್ಲದ ಮಗು ದಿನಪೂರ್ತಿ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಬಾಯಿ ಬಿಡಲು ಹೆದರುವ ಮಗು ತನಗಾದ ತೊಂದರೆಯನ್ನು ಯಾವ ಭಾಷೆಯಲ್ಲಿ ಹೇಳಬೇಕು? ಸುರಕ್ಷತೆ ಮತ್ತು ಸಮಾನತೆ ಒಂದಕ್ಕೊಂದು ಅಂಟಿಕೊಂಡಿರುವುದು ಇಲ್ಲೇ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ರಾಜ್ಯದ ಶಾಲೆಗಳು, ಸಿಬಿಎಸ್‌ಇ ಐಸಿಎಸ್‌ಇ ಸೇರಿ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು. ಅದನ್ನು ಹೇಗೆ ಕಲಿಸುತ್ತಾರೆ ಅನ್ನುವುದರ ಜೊತೆಗೆ, ಮೈದಾನದಲ್ಲಿ ಮಕ್ಕಳು ಯಾವ ಭಾಷೆಯಲ್ಲಿ ಕಿರುಚುತ್ತಾರೆ ಅನ್ನುವುದನ್ನೂ ಕೇಳಿಸಿಕೊಳ್ಳಿ.

ಊಟದ ಡಬ್ಬಿಗೆ ಏನು ನಿಯಮ? ಮೊಟ್ಟೆ, ಮೀನು ತರಬಾರದು ಅನ್ನುವ ಶಾಲೆಗಳಿವೆ. ಸಮವಸ್ತ್ರ, ತಲೆವಸ್ತ್ರ, ದಾರ, ಬೊಟ್ಟು, ಬಳೆಗೆ ಏನು ನಿಯಮ? 2022ರ ಹಿಜಾಬ್ ವಿವಾದದ ಹೊತ್ತಿಗೆ ಬಂದ ಸರ್ಕಾರಿ ಆದೇಶದಲ್ಲಿ ಖಾಸಗಿ ಶಾಲೆಗಳ ಸಮವಸ್ತ್ರವನ್ನು ಆಯಾ ಆಡಳಿತ ಮಂಡಳಿ ತೀರ್ಮಾನಿಸಬೇಕು ಅಂತ ಇತ್ತು. ಹಾಗಾಗಿ ಈ ನಿಯಮ ಒಂದೊಂದು ಶಾಲೆಯಲ್ಲಿ ಒಂದೊಂದು ಥರ. ನಿಮ್ಮ ನಿಲುವು ಏನೇ ಇರಲಿ, ನಿಯಮ ಬರವಣಿಗೆಯಲ್ಲಿದೆಯಾ, ಎಲ್ಲ ಧರ್ಮದವರಿಗೂ ಒಂದೇ ಅಳತೆಯಾ ಅನ್ನುವುದನ್ನು ಸೇರಿಸುವ ಮೊದಲೇ ಕೇಳಿಬಿಡಿ. ವರ್ಷದ ನಡುವೆ ಗೇಟಿನಲ್ಲಿ ಜಗಳವಾದರೆ ಓದು ಕೆಡುವುದು ಮಗುವಿಗೆ.

ಹುಡುಗಿಯರಿಗೆ ಆಟದ ಪೀರಿಯಡ್ ನಿಜವಾಗಿ ಸಿಗುತ್ತದಾ? ಮುಟ್ಟಿನ ದಿನಗಳಲ್ಲಿ ಕ್ಲಾಸಿನ ಮಧ್ಯೆ ಶೌಚಾಲಯಕ್ಕೆ ಹೋಗಲು ಗಂಡು ಮೇಷ್ಟ್ರ ಹತ್ತಿರ ಕಾರಣ ಹೇಳಬೇಕಾ? ಇದನ್ನು ಹೈಸ್ಕೂಲ್ ಹುಡುಗಿಯರನ್ನು ಕೇಳಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬಸ್, ಕ್ಯಾಮೆರಾ, ಹಾಸ್ಟೆಲ್

ಶಾಲಾ ವಾಹನಕ್ಕೆ ಕರ್ನಾಟಕದಲ್ಲಿ 2012ರ ನಿಯಮಗಳಿವೆ. ಹಳದಿ ಬಣ್ಣ, ವೇಗ ಮಿತಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಜೊತೆಗೊಬ್ಬ ಸಹಾಯಕರು, ಇವು ಎಲ್ಲರಿಗೂ ಗೊತ್ತು. ಹೋಲಿಸಬೇಕಾದದ್ದು ಒಂದೇ: ಕೊನೆಯ ಸ್ಟಾಪಿನ ಮಗು ಇಳಿಯುವವರೆಗೂ ಸಹಾಯಕರು ಬಸ್ಸಿನಲ್ಲಿರುತ್ತಾರಾ? ಖಾಸಗಿ ವ್ಯಾನ್ ಅಥವಾ ಆಟೊ ಆದರೆ ಶಾಲೆ ಜವಾಬ್ದಾರಿ ಹೊರುತ್ತದಾ? ಹೆಚ್ಚಿನ ಶಾಲೆಗಳು ಇಲ್ಲ ಅನ್ನುತ್ತವೆ. ಅದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಕ್ಯಾಮೆರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಜುಲೈನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಧ್ವನಿ ಸಹಿತ ಕ್ಯಾಮೆರಾ ಕಡ್ಡಾಯ ಮಾಡಿ, ಕನಿಷ್ಠ 15 ದಿನದ ದೃಶ್ಯ ಉಳಿಸಿಡಬೇಕು ಅಂದಿದೆ. ಶೌಚಾಲಯದ ಒಳಗೆ ಮಾತ್ರ ಹಾಕುವಂತಿಲ್ಲ. ದೃಶ್ಯ ನೋಡಲು ಯಾರಿಗೆ ಅನುಮತಿ ಇದೆ ಅಂತ ಕೇಳಿ. ಮಕ್ಕಳ ದೃಶ್ಯ ಎಲ್ಲರ ಮೊಬೈಲಿನಲ್ಲೂ ಬರುತ್ತದೆ ಅನ್ನುವುದು ನನಗಂತೂ ಸೌಲಭ್ಯ ಅನ್ನಿಸುವುದಿಲ್ಲ.

ದಕ್ಷಿಣ ಕನ್ನಡದ ಕಡೆ ಹಾಸ್ಟೆಲ್ ಶಾಲೆಗೆ ಕಳಿಸುವವರು ಇಷ್ಟು ನೋಡಿ ಸಾಕು: ಮಗು ಮನೆಗೆ ಫೋನ್ ಮಾಡುವಾಗ ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಾರಾ? ಹೌದಾದರೆ ಉಳಿದ ಪ್ರಶ್ನೆಗಳೇ ಬೇಡ.

ಫಾರ್ಮಿಗೆ ಸಹಿ ಹಾಕುವ ಮುನ್ನ

ಪ್ರತಿ ಶಾಲೆಯ ಉತ್ತರಗಳನ್ನೂ ಅವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಎರಡು ದಿನ ಬಿಟ್ಟರೆ ಯಾರು ಏನು ಹೇಳಿದರು ಅನ್ನುವುದು ಕಲಸಿಹೋಗುತ್ತದೆ. ಎಲ್ಲ ಪ್ರಶ್ನೆಗೂ ಒಳ್ಳೆಯ ಉತ್ತರ ಕೊಡುವ ಶಾಲೆ ಸಿಗುವುದಿಲ್ಲ. ಪೋಕ್ಸೊ ಪ್ರಶ್ನೆಯಲ್ಲಿ ತಪ್ಪಿದ ಶಾಲೆ, ಮಕ್ಕಳನ್ನು ಹೊಡೆಯುವುದನ್ನು ಸಮರ್ಥಿಸಿದ ಶಾಲೆ, ಫೀಸಿಗಾಗಿ ಮಗುವನ್ನು ನಿಲ್ಲಿಸುವ ಶಾಲೆ, ಈ ಮೂರನ್ನು ಬಿಟ್ಟುಬಿಡಿ. ಉಳಿದ ಕೊರತೆಗಳ ಜೊತೆ ಹೊಂದಿಕೊಳ್ಳಬಹುದು, ಕೇಳಿ ಕೇಳಿ ಸರಿ ಮಾಡಿಸಲೂಬಹುದು.

ಆಮೇಲೆ ಅಡ್ಮಿಷನ್ ಫಾರ್ಮಿನ ಹಿಂಬದಿಯ ಸಣ್ಣಕ್ಷರ ಓದಿ. ‘ಶಾಲೆಯ ಆವರಣದಲ್ಲಿ ಅಥವಾ ಪ್ರವಾಸದಲ್ಲಿ ಆಗುವ ಯಾವುದೇ ಅನಾಹುತಕ್ಕೆ ಶಾಲೆ ಹೊಣೆಯಲ್ಲ’ ಅನ್ನುವ ಸಾಲು ಅಲ್ಲಿರಬಹುದು. ಅಂಥ ಸಾಲಿಗೆ ಸಹಿ ಹಾಕಿದ ಮಾತ್ರಕ್ಕೆ ಪೋಕ್ಸೊ, ಆರ್‌ಟಿಇಯಂಥ ಕಾಯ್ದೆಗಳಲ್ಲಿ ಶಾಲೆಗಿರುವ ಹೊಣೆ ಹೋಗುವುದಿಲ್ಲ. ಆದರೂ ಅದನ್ನು ತೆಗೆಯಿರಿ ಅಂತ ಕೇಳಿ. ತೆಗೆಯದಿದ್ದರೆ ಆ ಸಾಲಿನ ಪಕ್ಕದಲ್ಲೇ ‘ಒಪ್ಪಿಗೆ ಇಲ್ಲ’ ಅಂತ ಬರೆದು, ದಿನಾಂಕ ಹಾಕಿ ಸಹಿ ಮಾಡಿ. ಫಾರ್ಮ್ ಕೊಡುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.